ಶೇಂಗಾ ಇಲ್ಲದ ಊಟ

ಜೋರಾಪುರ ಪೇಟೆ, ವಿಜಯಪುರ
೧೮ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಶೈಲಶ್ರೀ ಮಾಡುವ ಶರಣು. ಮೊಣಕಾಲು ಈಗ ಹೇಗಿದೆ? ಚಳಿ ಶುರುವಾಗಿದೆ, ನಿಮಗೆ ಈ ತಿಂಗಳಲ್ಲೇ ನೋವು ಹೆಚ್ಚು. ಹೋಗುವಾಗ ಎಣ್ಣೆಯ ಬಾಟಲಿಯನ್ನೂ ಉಣ್ಣೆಯ ಶಾಲನ್ನೂ ಇಲ್ಲೇ ಬಿಟ್ಟು ಹೋದಿರಿ. ಎರಡನ್ನೂ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಬಿ.ಪಿ. ಗುಳಿಗೆ ಮುಗಿದಿರಬೇಕೆಂದು ಒಂದು ತಿಂಗಳಿನದು ತಂದಿಟ್ಟಿದ್ದೇನೆ, ಅದೂ ಚೀಲದಲ್ಲಿದೆ. ಬೆಳಗಿನ ಗುಳಿಗೆಗೆ ಕೆಂಪು ದಾರ ಕಟ್ಟಿದ್ದೇನೆ. ನಿಮ್ಮ ಅಣ್ಣ ಮಲಕಾಜಪ್ಪ ಮಾವನವರ ಕೆಮ್ಮು ಕಡಿಮೆಯಾಯಿತೆ? ಅವರಿಗೂ ನನ್ನ ಶರಣು ಹೇಳಿರಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ "ಅಕಿ ಹೊಲಕ್ಕ ಹೋಗ್ಯಾಳವಾ" ಎನ್ನುತ್ತಾರೆ. ಹಿಂದೆ ನೀವು ಕೋಳಿ ಅಟ್ಟುವ ದನಿ ಕೇಳುತ್ತಿರುತ್ತದೆ. ಸುಳ್ಳು ಹೇಳಲು ಬಾರದ ಮನುಷ್ಯನ ಬಾಯಲ್ಲಿ ಪಾಪ ಎಷ್ಟು ಸಲ ಸುಳ್ಳು ಹೇಳಿಸಲಿ ಎಂದುಕೊಂಡು ಪತ್ರ ಬರೆಯಲು ಕುಳಿತೆ. ನೀವು ಯಾರ ಕೈಯಲ್ಲೂ ಓದಿಸಬೇಕಾಗಿಲ್ಲ, ಒಬ್ಬರೇ ಓದಿಕೊಳ್ಳಿ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಿಮ್ಮ ಮಗ ನಾಳೆ ಬಬಲೇಶ್ವರದಲ್ಲಿ ಯಾರದೋ ಮೋಟಾರು ರಿಪೇರಿಗೆ ಹೋಗುತ್ತಿದ್ದಾರೆ, ಅಲ್ಲಿಂದ ಕಾಖಂಡಕಿಯ ನಿಮ್ಮ ತವರಿಗೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತಾರೆ.

ಮೊದಲು ನಿಮ್ಮ ಮೊಮ್ಮಗ ಸಂಗೂನ ಸುದ್ದಿ ಹೇಳಿಬಿಡುತ್ತೇನೆ, ನೀವು ಅದನ್ನೇ ಹುಡುಕುತ್ತೀರಿ ಎಂದು ಗೊತ್ತು. ಆರೋಗ್ಯವಾಗಿದ್ದಾನೆ. ತೂಕ ಹನ್ನೊಂದೂವರೆ ಕಿಲೋ. ಈಗ ನಡೆಯುವುದಿಲ್ಲ, ಓಡುತ್ತಾನೆ. ಮಾತು ಬರುತ್ತಿವೆ. ನೀರಿಗೆ ನೀನಿ, ಊಟಕ್ಕೆ ಬುವಾ, ಅಪ್ಪನ ಗಾಡಿಗೆ ಡುರ್ರ. ನಿಮ್ಮ ಯಜಮಾನರ ಹೆಸರನ್ನೇ ಇಟ್ಟಿದ್ದೀರಲ್ಲ, ಯಾರಾದರೂ "ಸಂಗನಬಸವ" ಎಂದು ಪೂರ್ತಿ ಕರೆದರೆ ಎದೆ ಮುಂದೆ ಮಾಡಿ ನಿಲ್ಲುತ್ತಾನೆ. ಆದರೆ ಒಂದು ಚಟ ಹತ್ತಿದೆ. ತನ್ನ ತಟ್ಟೆಯಲ್ಲಿ ಎಷ್ಟಿದ್ದರೂ ಅವನಿಗೆ ಬೇರೆಯವರ ತಟ್ಟೆಯದೇ ಬೇಕು. ಯಾರು ಉಣ್ಣಲು ಕುಳಿತರೂ ಬಂದು ಮಂಡಿಯ ಮೇಲೆ ಕೈಯೂರಿ ಬಾಯಿ ತೆರೆದು ನಿಲ್ಲುತ್ತಾನೆ. ಕೊಡದಿದ್ದರೆ ತಾನೇ ಕೈ ಹಾಕುತ್ತಾನೆ. ಓಣಿಯವರಿಗೆಲ್ಲ ಅದು ಚಂದ ಕಾಣುತ್ತದೆ. ನಾನು ಮಾತ್ರ ಪ್ರತಿ ಸಲವೂ ಓಡಿಹೋಗಿ ಅವನ ಕೈ ಹಿಡಿಯುತ್ತೇನೆ. ಯಾಕೆಂದು ನಿಮ್ಮನ್ನು ಬಿಟ್ಟು ಬೇರೆ ಎಲ್ಲರಿಗೂ ನಾನು ಬಿಡಿಸಿ ಹೇಳಬೇಕಾಗುತ್ತದೆ.

ಈ ಭಾನುವಾರ, ಇಪ್ಪತ್ತಮೂರಕ್ಕೆ, ಅವನಿಗೆ ಎರಡು ವರ್ಷ ತುಂಬುತ್ತದೆ. ಮೊದಲನೆಯ ಹುಟ್ಟುಹಬ್ಬವನ್ನು ಹಾಲ್ ಹಿಡಿದು ಮಾಡಿದ್ದೆವು, ನಿಮಗೆ ನೆನಪಿದೆ. ಇನ್ನೂರು ಜನ, ಎರಡು ಬಗೆಯ ಹೋಳಿಗೆ, ಬಲೂನಿನ ಕಮಾನು. ಕೂಸು ಗದ್ದಲಕ್ಕೆ ಹೆದರಿ ನಿಮ್ಮ ಸೆರಗಿನೊಳಗೆ ಮಲಗಿಬಿಟ್ಟ. ಆ ಸಾಲ ತೀರುವಷ್ಟರಲ್ಲಿ ಎಂಟು ತಿಂಗಳಾಯಿತು. ಈ ಸಲ ಮನೆಯ ಮಾಳಿಗೆಯ ಮೇಲೆ, ಅರವತ್ತು ಜನಕ್ಕೆ, ಎಂಟು ಸಾವಿರದೊಳಗೆ ಎಂದು ನಾನು ಗಟ್ಟಿ ಮಾಡಿಕೊಂಡೆ. ನಿಮ್ಮ ಮಗ ಒಪ್ಪಿದರು. ಒಪ್ಪದೇ ಇದ್ದದ್ದು ನಂದಕ್ಕ. ನಿಮ್ಮ ಮಗಳ ಸ್ವಭಾವ ನಿಮಗೆ ಗೊತ್ತು, ತಮ್ಮನ ಮಗನಿಗೆ ಪ್ರಾಣ ಕೊಡುತ್ತಾರೆ, ಆದರೆ ಅವರ ಪ್ರೀತಿ ಯಾವಾಗಲೂ ದೊಡ್ಡ ಪಾತ್ರೆಯಲ್ಲೇ ಬರುತ್ತದೆ. ದಸರಾ ಮುಗಿದ ಮರುದಿನವೇ ಬಂದು, "ಹಾಲ್ ಬಾಡಿಗಿ ನಂದು. ಊಟದವ್ರಿಗೂ ಹೇಳೀನಿ. ಶೇಂಗಾ ಹೋಳಗಿ, ಬದನಿಕಾಯಿ ಎಣಗಾಯಿ, ಎರಡು ಥರದ ಚಟ್ನಿ. ನೀ ಬರೇ ಕೂಸಿಗೆ ಅಂಗಿ ತೊಗೊ" ಎಂದರು. ನಾನು ಶೇಂಗಾ ಎಂಬ ಮಾತು ಕೇಳಿಯೇ ಬೇಡವೆಂದೆ. ಅವರಿಗೆ ಕೆಡುಕೆನಿಸಿತು. "ಶೇಂಗಾ ಹೋಳಗಿ ಇಲ್ದ ನಮ್ಮ ಕಡೆ ಎಂಥಾ ಊಟ? ಕೂಸಿಗೆ ಬ್ಯಾರೆ ಇಟ್ರಾತು. ಅದೊಂದರ ಸಲುವಾಗಿ ಅರವತ್ತು ಮಂದಿ ಬಾಯಿ ಕಟ್ಟಬೇಕೇನ?" ಎಂದರು. ಊಟದವನಿಗೂ ಅವರ ಎದುರೇ ಫೋನ್ ಹಚ್ಚಿ ಕೇಳಿದೆ. ಒಂದೇ ಒಲೆ, ಒಂದೇ ಸೌಟು, ಹೋಳಿಗೆ ಬೇಯಿಸಿದ ತವೆಯ ಮೇಲೇ ಚಪಾತಿ. "ಕೂಸಿನ ತಾಟ ಬ್ಯಾರೆ ಇಡ್ತೀವ್ರೀ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ" ಎಂದ. ಒಳ್ಳೆಯ ಮನುಷ್ಯನೇ. ಆದರೆ ಬೇರೆ ತಾಟಿನ ಮುಂದೆ ಕೂರುವ ಕೂಸು ನಮ್ಮದಲ್ಲವಲ್ಲ ಅತ್ತೆ. ಅರವತ್ತು ತಾಟುಗಳ ನಡುವೆ ಅವನನ್ನು ಕೈ ಹಿಡಿದು ಕಾಯುವುದಾದರೆ ಹುಟ್ಟುಹಬ್ಬ ಯಾರದು?

ಆ ನಾಗರ ಪಂಚಮಿಯ ದಿನವನ್ನು ನಾನು ಬರೆಯಬಾರದೆಂದುಕೊಂಡಿದ್ದೆ. ಬರೆಯದೆ ಮುಂದೆ ಹೋಗಲು ಆಗುತ್ತಿಲ್ಲ. ನೀವು ಅಡುಗೆ ಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದಿರಿ. ನಾನು ಜೋಕಾಲಿಗೆ ಹಗ್ಗ ಕಟ್ಟಿಸುತ್ತಿದ್ದೆ. ಸಂಗು ಬಾಯಿ ತೆರೆದು ನಿಮ್ಮ ಮುಂದೆ ನಿಂತ, ನೀವು ಚಿಟಿಕೆಯಷ್ಟು ಮುರಿದು ಬಾಯಿಗಿಟ್ಟಿರಿ. ಯಾವ ಆಯಿ ಮೊಮ್ಮಗನ ಬಾಯಿಗೆ ಇಡುವುದಿಲ್ಲ? ಐದು ನಿಮಿಷದಲ್ಲಿ ತುಟಿ ಊದಿತು, ಮೈತುಂಬ ಕೆಂಪು ಗಂಧೆ ಎದ್ದವು, ಉಸಿರು ಸೀಟಿಯ ಹಾಗೆ ಬರತೊಡಗಿತು. ಅವತ್ತು ಸೈಫುದ್ದೀನ ಅಣ್ಣನ ಆಟೋ ಓಣಿಯ ಬಾಯಲ್ಲೇ ನಿಂತಿರದಿದ್ದರೆ ಏನಾಗುತ್ತಿತ್ತೋ. ಗಾಂಧಿ ಚೌಕದಲ್ಲಿ ಹಬ್ಬದ ಸಂತೆಗೆ ಗಾಡಿ ಕದಲದಾದಾಗ ಅವನು ಇಳಿದು ಕೂಗುತ್ತಾ ದಾರಿ ಮಾಡಿದ್ದು, ನೀವು ಕೂಸಿನ ಪಾದ ಉಜ್ಜುತ್ತಾ ಒಂದೇ ಸಮನೆ ಶಿವ ಶಿವ ಎನ್ನುತ್ತಿದ್ದದ್ದು, ದವಾಖಾನೆಯಲ್ಲಿ ಸೂಜಿ ಹಾಕಿದ ಹತ್ತು ನಿಮಿಷಕ್ಕೆ ಅವನು ಜೋರಾಗಿ ಅತ್ತಾಗ ನಾವಿಬ್ಬರೂ ಡಾಕ್ಟರಿಗೆ ಕೈ ಮುಗಿದದ್ದು, ಎಲ್ಲ ಕಣ್ಣ ಮುಂದಿದೆ. ಅದಾದ ಮೇಲೆ ನಾನು ಅಂದ ಮಾತೂ ಇದೆ. "ನಿಮ್ಮ ಕೈಯಾಗಿನ ತುತ್ತು ನನ್ನ ಕೂಸಿಗೆ ಇನ್ನ ಬ್ಯಾಡ." ನಿಮ್ಮ ಮಗ ಔಷಧಿ ತರಲು ಹೋಗಿದ್ದರು, ಕೇಳಿದವರು ನಾವಿಬ್ಬರೇ. ಮರುದಿನ ನಾವು ಕೂಸನ್ನು ಕರೆದುಕೊಂಡು ಬರುವಷ್ಟರಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಬೂದಿ ಹಚ್ಚಿ ತಿಕ್ಕಿಟ್ಟಿದ್ದಿರಿ, ಶೇಂಗಾ ಚೀಲ ಯಾರಿಗೋ ಕೊಟ್ಟುಬಿಟ್ಟಿದ್ದಿರಿ, ಎರಡು ಸೀರೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದಿರಿ. ಮಗ ಎರಡು ಸಲ ಕರೆಯಲು ಬಂದರೆ "ಕೂಸು ಆರಾಮ ಇರ್ಲಿ, ನಾ ಇಲ್ಲೇ ಇರ್ತೀನಿ" ಎಂದಿರಂತೆ. ನಾನು ಏನಂದೆ ಎಂದು ಅವರಿಗೂ ಹೇಳಲಿಲ್ಲ, ನಂದಕ್ಕನಿಗೂ ಹೇಳಲಿಲ್ಲ, ನಿಮ್ಮ ಅಣ್ಣನಿಗೂ ಹೇಳಿಲ್ಲ. ಮೂರೂವರೆ ತಿಂಗಳಿನಿಂದ ನೀವೊಬ್ಬರೇ ಅದನ್ನು ಇಟ್ಟುಕೊಂಡಿದ್ದೀರಿ. ನನ್ನದು ತಪ್ಪಾಯಿತು ಅತ್ತೆ. ಇದನ್ನು ಫೋನಿನಲ್ಲಿ ಹೇಳಬೇಕೆಂದು ಎಷ್ಟೋ ಸಲ ಹಚ್ಚಿದೆ.

ಈಗ ಊಟದ ಮಾತು. ನಾನು ಹಟ ಹಿಡಿದದ್ದು ಇಷ್ಟಕ್ಕೇ: ಆ ದಿನ ಸಂಗು ಮಾಳಿಗೆಯ ಮೇಲೆ ಯಾರ ತಾಟಿಗೆ ಕೈ ಹಾಕಿದರೂ ನಾನು ಓಡಿ ಹೋಗಬಾರದು. ಅರವತ್ತು ತಾಟಿನಲ್ಲಿ ಒಂದು ಶೇಂಗಾ ಬೀಜವೂ ಇರಬಾರದು. ಹೇಳಲು ಸುಲಭ, ನಮ್ಮ ಊರಲ್ಲಿ ಮಾಡಲು ಕೂತಾಗ ಗೊತ್ತಾಯಿತು. ಪಲ್ಯಕ್ಕೆ ಶೇಂಗಾ ಪುಡಿ, ಉಸುಳಿಗೆ ಶೇಂಗಾ ಪುಡಿ, ಒಗ್ಗರಣೆಗೆ ಶೇಂಗಾ ಎಣ್ಣೆ, ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ. ಶೇಂಗಾ ತೆಗೆದರೆ ನಮ್ಮ ಅಡುಗೆಯಲ್ಲಿ ಉಳಿಯುವುದೇನು ಎಂದು ಒಂದು ಮಧ್ಯಾಹ್ನ ಪೂರ್ತಿ ತಲೆ ಹಿಡಿದು ಕುಳಿತೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ ಹಾಗೆ ಅವರ ಎದುರಿಗೇ ಎಳ್ಳು, ಗುರೆಳ್ಳು, ಪುಠಾಣಿ ಕಡಲೆ, ಕುಸುಬಿ ಬೀಜ ಒಂದೊಂದೇ ಚೂರು ಕೊಟ್ಟು ನೋಡಿದೆವು. ಎಲ್ಲವೂ ಅವನಿಗೆ ಸರಿಹೋದವು. ಕುಸುಬಿ ನಡೆಯುತ್ತದೆ ಎಂದಾಗ ನನಗೆ ಬೀದಿಯಲ್ಲೇ ಕುಣಿಯಬೇಕೆನಿಸಿತು. ಕುಸುಬಿ ಹಾಲು ಹಾಕಿ ನೀವು ಮಾಡುವ ಗೋದಿ ಹುಗ್ಗಿ ಇದ್ದಮೇಲೆ ಯಾವ ಹೋಳಿಗೆ ಯಾಕೆ ಬೇಕು? ಗೋದಿ ನಿಮ್ಮ ಪಾಲಿನದೇ ಕಣಜದಲ್ಲಿದೆ, ಬೆಲ್ಲ ಐದು ಕಿಲೋ ಸಾಕು. ಎಂಟು ಸಾವಿರದ ಲೆಕ್ಕದಲ್ಲಿ ನನಗೆ ಮೊದಲ ಸಲ ನೆಲ ಸಿಕ್ಕ ಹಾಗಾಯಿತು.

ಹುಗ್ಗಿಗೆ ದ್ರಾಕ್ಷಿ ಬೇಕಿತ್ತು. ತಿಕೋಟಾಕ್ಕೆ ಹೋದೆ. ನಮ್ಮಪ್ಪ ಒಣದ್ರಾಕ್ಷಿ ಶೆಡ್ಡಿನಿಂದ ಎರಡು ಕಿಲೋ ತೂಗಿಸಿ, "ಮೊಮ್ಮಗನ ಬರ್ಥಡೇಕ ನಾ ಕೊಡೂದು ಇದು, ರೊಕ್ಕದ ಮಾತಾಡಬ್ಯಾಡ" ಎಂದರು. ಹಿತ್ತಲಿನ ಬದನೆಕಾಯಿ ಶನಿವಾರ ಸಂಜೆ ಕಿತ್ತು ಕಳಿಸುತ್ತಾರೆ. ಅಲ್ಲೇ ಗಾಣದವರ ಹತ್ತಿರ ಕುಸುಬಿ ಎಣ್ಣೆ ಕೇಳಿದೆ. ಡಬ್ಬಿ ತುಂಬಿಸಲು ಹೋದವರು ನಾನು ಯಾಕೆ ಕುಸುಬಿಯೇ ಬೇಕೆನ್ನುತ್ತೇನೆ ಎಂದು ವಿಚಾರಿಸಿದರು. ಸಂಗತಿ ಹೇಳಿದೆ. ಅವರು ಡಬ್ಬಿ ಕೆಳಗಿಟ್ಟು, "ತಂಗಿ, ನಿನ್ನಿ ಇದ ಗಾಣದಾಗ ಶೇಂಗಾ ಹಾಕೀನಿ. ಎಷ್ಟ ತೊಳದ್ರೂ ಜಿಗುಟು ಇರ್ತೈತಿ. ನಾಕು ಕಾಸಿನ ಆಸೇಕ ನಾ ಕೂಸಿನ ಜೀವದ ಮ್ಯಾಲ ಆಡಂಗಿಲ್ಲ. ನೀ ಪಾಕೀಟಿನ ಸೂರ್ಯಕಾಂತಿ ಎಣ್ಣಿ ತೊಗೊ" ಎಂದರು. ಅವರ ಹೆಸರೂ ಕೇಳದೆ ಬಂದೆ. ಬಸ್ಸಿನಲ್ಲಿ ಕುಳಿತಮೇಲೆ ನಾಚಿಕೆಯಾಯಿತು. ಅಲ್ಲಿಂದ ಮೇಲೆ ನಾನು ಕಂಡಕಂಡಲ್ಲಿ ಕೇಳುವುದು ಕಲಿತೆ. ಗಾಂಧಿ ಚೌಕದ ಕಿರಾಣಿಯಲ್ಲಿ ಪುಠಾಣಿಯ ಚೀಲದ ಪಕ್ಕದ ಚೀಲ ಯಾವುದು, ಅಳೆಯುವ ಬಟ್ಟಲು ಒಂದೇನಾ ಎರಡಾ ಎಂದು ಕೇಳಿದರೆ ಅಂಗಡಿಯವರು ಮೊದಲು ನಕ್ಕರು. ನಾನು ನಗಲಿಲ್ಲ. ಆಮೇಲೆ ಒಡೆಯದ ಚೀಲ ಬಿಚ್ಚಿ ಕೊಟ್ಟರು. ಮನೆಯ ಮಿಕ್ಸಿಯ ಜಾರುಗಳಲ್ಲಿ ವರ್ಷಗಟ್ಟಲೆ ಶೇಂಗಾ ರುಬ್ಬಿದ್ದೇವಲ್ಲ, ನಿಮ್ಮ ಮಗ ಅಂಗಡಿಯಿಂದ ಹೊಸ ಜಾರು, ಹೊಸ ರಬ್ಬರ್ ತಂದು ಹಾಕಿದರು. ಊರಿನವರ ಮಿಕ್ಸಿ ರಿಪೇರಿ ಮಾಡುವವರು ಸ್ವಂತ ಮನೆಯ ಮಿಕ್ಸಿಗೆ ಕೈ ಹಾಕಿದ್ದು ಮದುವೆಯಾಗಿ ಐದು ವರ್ಷದಲ್ಲಿ ಇದೇ ಮೊದಲು. ಅದಕ್ಕಾದರೂ ಸಂಗೂಗೆ ಉಪಕಾರ ಹೇಳಬೇಕು.

ಕೇಕಿನ ಕಥೆ ಕೇಳಿದರೆ ನಗುತ್ತೀರಿ. ಬೇಕರಿಯದು ಬೇಡವೆಂದು ಕುಕ್ಕರಿನಲ್ಲಿ ರವೆ, ಮೊಸರು ಹಾಕಿ ನಾನೇ ಮಾಡಿದೆ. ಮೊದಲನೆಯದು ಶಹಾಬಾದ ಕಲ್ಲಾಯಿತು. ನಿಮ್ಮ ಮಗ ಅದರ ಮೇಲೆ ಬೆರಳಿನಿಂದ ಬಡಿದು, "ಇದನ್ನ ಬಚ್ಚಲಕ್ಕ ಹಾಸೂಣು" ಎಂದರು. ಎರಡನೆಯದು ಸರಿಬಂತು. ಮೂರನೆಯದು ಚೆನ್ನಾಗಿಯೇ ಬಂತು, ಸಂಗು ಅರ್ಧ ತಿಂದ. ಭಾನುವಾರಕ್ಕೆ ಅಂಥವು ಎರಡು ಮಾಡಿದರೆ ಮಕ್ಕಳಿಗೆಲ್ಲ ಒಂದೊಂದು ತುಂಡು ಬರುತ್ತದೆ. ಮಕ್ಕಳ ಕೈಗೆ ಮೊದಲು ಚುರಮುರಿ ಒಗ್ಗರಣೆ, ಅದಕ್ಕೆ ಶೇಂಗಾದ ಬದಲು ಪುಠಾಣಿ. ಊಟಕ್ಕೆ ಹುಗ್ಗಿ, ಅದರ ಮೇಲೆ ಹಾಲು ತುಪ್ಪ, ಜೋಳದ ರೊಟ್ಟಿ, ಗುರೆಳ್ಳು ತುಂಬಿದ ಬದನೆಕಾಯಿ, ಮಡಕಿ ಕಾಳಿನ ಉಸುಳಿ, ಅನ್ನ ಸಾರು, ಮಜ್ಜಿಗೆ. ರೊಟ್ಟಿಯನ್ನು ಓಣಿಯ ಆರು ಮನೆಯವರು ಹಂಚಿಕೊಂಡಿದ್ದಾರೆ, ಹಿಟ್ಟು ನಾನು ಕೊಡುತ್ತೇನೆ. ಸೈಫುದ್ದೀನ ಅಣ್ಣನ ಮನೆಯ ಸಕೀನಾ ಭಾಭಿ ಒಬ್ಬರೇ ನಲವತ್ತು ಬಡಿಯುತ್ತೇನೆ ಎಂದಿದ್ದಾರೆ. ಅವತ್ತು ಬೆಳಗ್ಗೆಯಿಂದ ತಮ್ಮ ಅಡುಗೆ ಮನೆಯಲ್ಲೂ ಶೇಂಗಾ ಮುಟ್ಟುವುದಿಲ್ಲವಂತೆ. ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

ಹೋದ ಭಾನುವಾರ ಹುಗ್ಗಿಯನ್ನು ಒಂದು ಸಲ ಮಾಡಿ ನೋಡೋಣವೆಂದು ಕುಳಿತೆ. ನೀವು ಮಾಡುವುದನ್ನು ಐದು ವರ್ಷ ನೋಡಿದ್ದೇನೆ, ಬರುತ್ತದೆ ಎಂಬ ಸೊಕ್ಕಿತ್ತು. ಕುಸುಬಿ ನೆನೆಹಾಕಿ, ಹೊಸ ಜಾರಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿದೆ. ಹಾಲು ಬಂತು, ನೋಡಲು ಥೇಟ್ ನಿಮ್ಮದರ ಹಾಗೆ. ಬೆಂದ ಗೋದಿಗೆ ಬೆಲ್ಲ ಹಾಕಿ, ಈ ಹಾಲು ಸುರಿದೆ. ಕಣ್ಣ ಮುಂದೆಯೇ ಒಡೆದು ಮೊಸರಿನ ಗಡ್ಡೆಯಾಯಿತು. ಬಾಯಿಗಿಟ್ಟರೆ ಕಹಿ. ಎರಡನೆಯ ಸಲ ಒರಳಿನಲ್ಲಿ ತರಿತರಿಯಾಗಿ ಕುಟ್ಟಿದೆ, ಕಹಿ ಹೋಯಿತು, ಆದರೆ ಹಾಲು ಮತ್ತೆ ಒಡೆಯಿತು. ಬೆಲ್ಲ ಮೊದಲೋ ಹಾಲು ಮೊದಲೋ, ಒಲೆಯ ಉರಿ ಎಷ್ಟಿರಬೇಕೋ. ನಿಮಗೆ ಫೋನ್ ಹಚ್ಚಿದೆ. ಅಣ್ಣನವರು "ಹೊಲಕ್ಕ ಹೋಗ್ಯಾಳ" ಎಂದರು.

ಅಷ್ಟರಲ್ಲಿ ನಂದಕ್ಕ ಬಂದರು. ಹಾಲ್ ಹಿಡಿಯುವ ಮಾತು ಇನ್ನೊಂದು ಸಲ ಆಡಿ ನೋಡೋಣವೆಂದು ಬಂದವರು. ಒಡೆದ ಹುಗ್ಗಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇದ ನೋಡು, ಇದನ್ನ ಅರವತ್ತು ಮಂದಿಗೆ ಬಡಸ್ತೀಯೇನ? ಅವ್ವನ ಹುಗ್ಗಿ ಇದಲ್ಲ ಬಿಡು" ಎಂದರು. ಸುಳ್ಳೇನೂ ಹೇಳಲಿಲ್ಲ, ಆದರೂ ನನಗೆ ಅಳು ಬಂತು. ಇಬ್ಬರೂ ಮುಖ ಗಂಟಿಕ್ಕಿ ಪಡಸಾಲೆಯಲ್ಲಿ ಕುಳಿತೆವು. ತಮ್ಮನಿಗೆ ಪ್ರೀತಿಯೆಂದು ಅವರು ಅವಲಕ್ಕಿ ಚೂಡಾ ಮಾಡಿ ತಂದಿದ್ದರು. ಮಾತಿನ ಭರದಲ್ಲಿ ಡಬ್ಬಿ ಬಿಚ್ಚಿ ತಾವೇ ಒಂದು ಹಿಡಿ ತಗೊಂಡು ತಿನ್ನತೊಡಗಿದರು. ಮಲಗಿದ್ದ ಸಂಗು ಯಾವಾಗ ಎದ್ದನೋ, ಒಳಗಿನಿಂದ ಓಡಿ ಬಂದು ಅವರ ಮಂಡಿಗೆ ಕೈಯೂರಿ ಬಾಯಿ ತೆರೆದ. ನಂದಕ್ಕನ ಕೈ ಅವನ ಬಾಯಿಯ ಹತ್ತಿರ ಹೋಯಿತು. ಅಭ್ಯಾಸದ ಕೈ ಅತ್ತೆ, ನಿಮ್ಮದೂ ನನ್ನದೂ ಎಲ್ಲರದೂ ಹಾಗೇ ಹೋಗುತ್ತದೆ. ಬೆರಳ ನಡುವೆ ಎರಡು ಶೇಂಗಾ ಬೀಜ ಇದ್ದವು. ನಾನು ಕೂಗುವುದಕ್ಕೂ ಮೊದಲು ಅವರಿಗೇ ಕಂಡವು. "ಯವ್ವಾ" ಎಂದು ಕಿರುಚಿ ಡಬ್ಬಿಯನ್ನೇ ಎತ್ತಿ ಅಂಗಳಕ್ಕೆ ಒಗೆದರು. ನಾನು ಕೂಸನ್ನು ಎತ್ತಿಕೊಂಡು ಓಡಿದೆ, ಕೈ ಮುಖ ತೊಳೆದೆ, ಬಾಯಿಯೊಳಗೆ ನೋಡಿದೆ. ಏನೂ ಆಗಿರಲಿಲ್ಲ. ಒಂದು ತಾಸು ಅವನ ಉಸಿರನ್ನೇ ಕೇಳುತ್ತಾ ಕುಳಿತೆವು.

ಆ ಒಂದು ತಾಸಿನಲ್ಲಿ ನಂದಕ್ಕ ಹಾಲ್ ಹಿಡಿಯುವ ಮಾತು ಬಿಟ್ಟರು. ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾ, "ಅವ್ವಗ ಹೆಂಗ ಆಗಿತ್ತು ಅಂತ ನನಗ ಇವತ್ತು ಗೊತ್ತಾತು ಶೈಲಾ" ಎಂದರು. ಅಂಗಳದ ಚೂಡಾವನ್ನು ಬರಿಗೈಯಲ್ಲಿ ಒಂದೊಂದು ಕಾಳು ಆರಿಸಿ ತೆಗೆದರು, ಎರಡು ಕೊಡ ನೀರು ಹಾಕಿ ತೊಳೆದರು. ಹೋಗುವಾಗ, "ಮಾಳಿಗಿ ಮ್ಯಾಲ ಮಾಡೂಣು. ಮಂದಿಗೆ ಹೇಳೂದು ನನಗ ಬಿಡು. ಯಾರೂ ತಿನ್ನೂದು ಏನೂ ತರಬಾರದು ಅಂತ ನಾನ ಹೇಳ್ತೀನಿ, ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ" ಎಂದರು. ನಿನ್ನೆಯಿಂದ ನಲವತ್ತು ಮನೆಗೆ ಫೋನ್ ಮಾಡಿದ್ದಾರೆ. ಜಿಪುಣರು ಎಂದು ಅಂದವರೂ ಇದ್ದಾರಂತೆ. ನಂದಕ್ಕ ಬಿಟ್ಟಾರೆಯೆ? "ನಿಮ್ಮ ಮನ್ಯಾಗ ಕೂಸಿಗೆ ಹಿಂಗಾಗಿದ್ರ ಏನು ಮಾಡ್ತಿದ್ರಿ" ಎಂದು ಒಬ್ಬೊಬ್ಬರ ಬಾಯಿ ಮುಚ್ಚಿಸಿದ್ದಾರೆ. ಅವರ ದನಿ ನನ್ನ ಕಡೆ ಇದ್ದಾಗ ಇಷ್ಟು ನೆಮ್ಮದಿ ಎಂದು ನನಗೆ ಗೊತ್ತೇ ಇರಲಿಲ್ಲ.

ಹೀಗೆ ಎಲ್ಲ ಕೂಡಿಬಂದಿದೆ, ಹುಗ್ಗಿ ಒಂದು ಬಿಟ್ಟು. ನಂದಕ್ಕ "ಹಾಲು ಹಾಕದ ಬರೇ ಬೆಲ್ಲದ ಹುಗ್ಗಿ ಮಾಡು, ಯಾರು ಕೇಳ್ತಾರ" ಎಂದರು. ಮಾಡಬಹುದು, ತಪ್ಪೇನಿಲ್ಲ. ಆದರೆ ನನಗೆ ಕುಸುಬಿ ಹಾಲಿನದೇ ಬೇಕು. ಶೇಂಗಾ ಇಲ್ಲವೆಂದು ಮೂಗು ಮುರಿಯುವವರು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳಬೇಕು. ನಮ್ಮ ಕೂಸಿಗಾಗಿ ಬಾಯಿ ಕಟ್ಟಿಕೊಂಡೆವು ಎಂದು ಯಾರಿಗೂ ಅನ್ನಿಸಬಾರದು, ಹೊಟ್ಟೆ ತುಂಬ ಉಂಡೆವು ಎಂದೇ ಅನ್ನಿಸಬೇಕು. ಅದಕ್ಕೆ ನೀವು ಬೇಕು. ಸೈಫುದ್ದೀನ ಅಣ್ಣ ಶುಕ್ರವಾರ ಬೆಳಗ್ಗೆ ಆಟೋ ತರುತ್ತೇನೆ ಎಂದಿದ್ದಾನೆ, ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಬೇಡ. ಮಲಕಾಜಪ್ಪ ಮಾವನವರೂ ಕೂಡಿ ಬರಲಿ. ಫೋನಿನಲ್ಲಿ ಇಷ್ಟು ದಿನ ನನಗಾಗಿ ಪಟ್ಟ ಕಷ್ಟಕ್ಕೆ ಒಂದು ತಾಟು ಹುಗ್ಗಿಯನ್ನಾದರೂ ಉಣ್ಣಲಿ.

ಅಲ್ಲಿ ಎಲ್ಲರಿಗೂ ನಮ್ಮ ಶರಣು ಹೇಳಿರಿ. ಮೈ ಜೋಪಾನ, ಗುಳಿಗೆ ತಪ್ಪಿಸಬೇಡಿ. ಸಂಗು ಈ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಗೀಚಿದ್ದಾನೆ, ಅದು ಆಯಿಗೆ ಅವನ ನಮಸ್ಕಾರ ಎಂದುಕೊಳ್ಳಿ.

ನಿಮ್ಮ ಸೊಸೆ,
ಶೈಲಶ್ರೀ

ತಾ.ಕ.: ಬುಧವಾರ ಬೆಳಗ್ಗೆ. ನಿಮ್ಮ ಮಗ ಗಾಡಿ ಹೊರಗೆ ತೆಗೆದಿದ್ದಾರೆ, ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸಣ್ಣವಾದರೆ ಕ್ಷಮಿಸಿ. ಮೇಲೆ ಇಷ್ಟೆಲ್ಲ ಬರೆದೆ, ಬರೆಯಬೇಕಾದ್ದನ್ನು ಬರೆಯಲಿಲ್ಲ. ಪಂಚಮಿಗೆ ಹದಿನೈದು ದಿನ ಮೊದಲು ತಿಕೋಟಾದಲ್ಲಿ ನಾನು ಉಣ್ಣುವಾಗ ಶೇಂಗಾ ಚಟ್ನಿಯ ಬೆರಳನ್ನು ಸಂಗೂನ ಬಾಯಿಗೆ ಹಚ್ಚಿದ್ದೆ. ಬಾಯಿಯ ಸುತ್ತ ಕೆಂಪಾಯಿತು, ವಾಂತಿ ಮಾಡಿಕೊಂಡ. ಹಲ್ಲು ಬರುತ್ತಿವೆ, ಅದಕ್ಕೇ ಇರಬೇಕು ಎಂದು ಸುಮ್ಮನಾದೆ. ನಿಮಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ದವಾಖಾನೆಯಲ್ಲಿ ಡಾಕ್ಟರು "ಮೊದಲ ಎಂದಾರ ಹಿಂಗ ಆಗಿತ್ತೇನ್ರಿ" ಎಂದು ಕೇಳಿದಾಗ ನೀವು ಪಕ್ಕದಲ್ಲೇ ನಿಂತಿದ್ದಿರಿ, ನಾನು ಇಲ್ಲ ಎಂದೆ. ಹೆದರಿ ಹಾಗೆಂದೆ. ಅಲ್ಲಿಂದ ಹೊರಗೆ ಬಂದು ನಿಮಗೆ ಆ ಮಾತು ಅಂದೆ. ನಾನು ಹದಿನೈದು ದಿನ ಮೊದಲೇ ಬಾಯಿ ಬಿಟ್ಟಿದ್ದರೆ ನೀವು ಆ ಉಂಡಿಯನ್ನು ಅವನ ಹತ್ತಿರವೂ ತರುತ್ತಿರಲಿಲ್ಲ. ತಪ್ಪು ನಿಮ್ಮ ಕೈಯದಲ್ಲ ಅತ್ತೆ, ನನ್ನ ಬಾಯಿಯದು. ಇವತ್ತು ಚಹಾ ಕುಡಿಯುವಾಗ ನಿಮ್ಮ ಮಗನಿಗೆ ಹೇಳಿದೆ. "ಇಷ್ಟ ದಿನ ಅವ್ವ ತನ್ನ ತಲಿ ಮ್ಯಾಲ ಹೊತ್ಕೊಂಡು ಕುಂತಾಳಲ್ಲ. ಇದನ್ನ ನೀನ ಬರಿ" ಎಂದಷ್ಟೇ ಹೇಳಿ ಎದ್ದುಹೋದರು. ನಂದಕ್ಕನಿಗೆ ಫೋನಿನಲ್ಲಿ ಹೇಳಿದೆ, ಕೇಳಿ ಇಟ್ಟುಬಿಟ್ಟರು. ಈ ವಾರ ಡಾಕ್ಟರಿಗೂ ಹೇಳಿಬರುತ್ತೇನೆ. ಇನ್ನು ಯಾರಿಂದಲೂ ಮುಚ್ಚಿಟ್ಟದ್ದು ಏನೂ ಇಲ್ಲ. ನೀವು ಶುಕ್ರವಾರದ ಆಟೋ ಹತ್ತದಿದ್ದರೆ ಶನಿವಾರ ಮೊದಲ ಬಸ್ಸಿಗೆ ಸಂಗೂನನ್ನು ಎತ್ತಿಕೊಂಡು ನಾನೇ ಕಾಖಂಡಕಿಗೆ ಬರುತ್ತೇನೆ, ಹೊಲಕ್ಕೆ ಹೋಗಿದ್ದರೆ ಹೊಲಕ್ಕೇ ಬರುತ್ತೇನೆ. ಬೈಯುವುದೆಲ್ಲ ಎದುರಿಗೇ ಬೈಯಿರಿ, ನಿಂತು ಕೇಳುತ್ತೇನೆ.